ಡೈನೋಸಾರ್‌ಗಳ ನಡುವೆ ಒಂದು ಸಾಲಿಗ್ರಾಮ

ಪಳೆಯುಳಿಕೆಗಳನ್ನೂ ಇತಿಹಾಸಪೂರ್ವ ಜೀವಿಗಳನ್ನೂ ಕುರಿತ ಸಂಚಾರಿ ಪ್ರದರ್ಶನವೊಂದು ಈಚೆಗೆ ಮಂಗಳೂರಿಗೆ ಬಂದಿತ್ತು. ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ಫಲಕ ಓದಿಕೊಂಡು ಮುಂದೆ ಹೋಗುವ ಹಳೆಯ ಬಗೆಯದಲ್ಲ. ಮುಟ್ಟುವುದಕ್ಕೆ, ಕೆದಕುವುದಕ್ಕೆ, ಗುಂಡಿ ಒತ್ತಿ ನೋಡುವುದಕ್ಕೆ ಅವಕಾಶವಿರುವ ಪ್ರದರ್ಶನ. ಅಕ್ಕನ ಮಕ್ಕಳ ಒತ್ತಾಯಕ್ಕೆ ಉಡುಪಿಯಿಂದ ಹೊರಟವನು ನಾನು, ಆದರೆ ಕೊನೆಗೆ ‘ಇನ್ನು ಹೋಗುವ’ ಎಂದು ಕೈ ಹಿಡಿದು ಎಳೆದವರು ಅವರೇ. ಪದವಿಯಲ್ಲಿ ಭೂವಿಜ್ಞಾನ ಓದಿ, ಆಮೇಲೆ ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿದವನಿಗೆ ಇಂಥ ಜಾಗಗಳಲ್ಲಿ ಹೊತ್ತು ಹೋಗುವುದು ತಿಳಿಯುವುದಿಲ್ಲ. ಅಲ್ಲಿ ಕಂಡದ್ದರಲ್ಲಿ ಅರ್ಧದಷ್ಟು ಬಹಳ ಚೆನ್ನಾಗಿತ್ತು, ಇನ್ನರ್ಧ ಬರೀ ಗದ್ದಲ. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಅಲ್ಲಿ ಇಲ್ಲದೇ ಇದ್ದ ಸಂಗತಿ: ಪ್ರದರ್ಶನ ನಡೆಯುತ್ತಿದ್ದ ನೆಲದ ಬಗ್ಗೆ, ಅಂದರೆ ನಮ್ಮ ಕರಾವಳಿಯ ಬಗ್ಗೆ, ಇಡೀ ಸಭಾಂಗಣದಲ್ಲಿ ಒಂದು ಸಾಲೂ ಇರಲಿಲ್ಲ.

ಗದ್ದಲದ ಭಾಗವನ್ನು ಮೊದಲು ಹೇಳಿ ಮುಗಿಸುತ್ತೇನೆ. ಬಾಗಿಲಲ್ಲೇ ರಬ್ಬರ್ ಚರ್ಮದ ಟಿರಾನೋಸಾರಸ್ ರೆಕ್ಸ್ ಒಂದು ನಿಂತಿತ್ತು. ಯಾರಾದರೂ ಹತ್ತಿರ ಬಂದರೆ ಅದು ಬಾಯಿ ತೆರೆದು ಘರ್ಜಿಸುತ್ತಿತ್ತು, ಸಣ್ಣ ಮಕ್ಕಳು ಕಿರುಚುತ್ತಿದ್ದರು, ದೊಡ್ಡವರು ಮೊಬೈಲ್ ಹಿಡಿಯುತ್ತಿದ್ದರು. 1905ರಲ್ಲಿ ಹೆಸರು ಪಡೆದ ಈ ಅಮೆರಿಕದ ಪ್ರಾಣಿ ಹಾಗೆ ಘರ್ಜಿಸುತ್ತಿತ್ತು ಎನ್ನುವುದಕ್ಕೆ ಯಾವ ಎಲುಬಿನಲ್ಲೂ ಪುರಾವೆಯಿಲ್ಲ. ಅದರ ಇಂದಿನ ನೆಂಟರಾದ ಮೊಸಳೆಗಳು ಮತ್ತು ಹಲವು ದೊಡ್ಡ ಹಕ್ಕಿಗಳು ಬಾಯಿ ಮುಚ್ಚಿಕೊಂಡೇ ಗಂಟಲಿನ ಒಳಗಿನಿಂದ ತಗ್ಗಿದ ದನಿಯನ್ನು ಹೊರಡಿಸುವುದರಿಂದ, ಡೈನೋಸಾರ್‌ಗಳ ದನಿಯೂ ಆ ಬಗೆಯದಾಗಿದ್ದಿರಬಹುದೆಂದು ಊಹಿಸಬಹುದೇ ಹೊರತು, ಸಿನಿಮಾದ ಸಿಂಹಗರ್ಜನೆಗೆ ಅಲ್ಲಿ ಆಧಾರವಿಲ್ಲ. ಪಕ್ಕದಲ್ಲಿದ್ದ ವೆಲೊಸಿರ್‍ಯಾಪ್ಟರ್‌ಗೆ ಆಳೆತ್ತರದ ದೇಹ, ಹಲ್ಲಿಯ ಚರ್ಮ. ನಿಜವಾದ ವೆಲೊಸಿರ್‍ಯಾಪ್ಟರ್ ಗಾತ್ರದಲ್ಲಿ ಟರ್ಕಿ ಕೋಳಿಗಿಂತ ಹೆಚ್ಚೇನೂ ದೊಡ್ಡದಲ್ಲ, ಮತ್ತು ಮಂಗೋಲಿಯಾದಲ್ಲಿ ಸಿಕ್ಕ ಅದರ ಮುಂಗೈ ಎಲುಬಿನ ಮೇಲೆ ಗರಿಗಳು ನಾಟಿಕೊಂಡಿದ್ದ ಗುಬುಟುಗಳು ಸಾಲಾಗಿ ಇರುವುದನ್ನು 2007ರಲ್ಲೇ ಗುರುತಿಸಿದ್ದಾರೆ.

ಪ್ರದರ್ಶನಗಳು ತಪ್ಪುವುದು ಹೊಸದೇನಲ್ಲ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ, ‘ಡೈನೋಸಾರ್’ ಎಂಬ ಹೆಸರನ್ನು 1842ರಲ್ಲಿ ಕೊಟ್ಟ ರಿಚರ್ಡ್ ಓವೆನ್ ಅವರ ಸಲಹೆಯಂತೆ ಶಿಲ್ಪಿ ವಾಟರ್‌ಹೌಸ್ ಹಾಕಿನ್ಸ್ ನಿರ್ಮಿಸಿದ ಆಳೆತ್ತರ ಮೀರಿದ ಪ್ರತಿಮೆಗಳಲ್ಲಿ, ಇಗ್ವಾನೊಡಾನ್ ಎಂಬ ಡೈನೋಸಾರ್‌ನ ಹೆಬ್ಬೆರಳಿನ ಮುಳ್ಳನ್ನು ಅದರ ಮೂಗಿನ ಮೇಲೆ ಕೊಂಬಾಗಿ ಕೂರಿಸಲಾಗಿತ್ತು. 1878ರಲ್ಲಿ ಬೆಲ್ಜಿಯಂನ ಗಣಿಯೊಂದರಲ್ಲಿ ಪೂರ್ಣ ಅಸ್ಥಿಪಂಜರಗಳು ಸಿಕ್ಕ ಮೇಲೆ ಆ ಕೊಂಬು ಕೈಗೆ ಇಳಿಯಿತು. ಆದರೆ ಹಾಕಿನ್ಸ್ ತನ್ನ ಕಾಲಕ್ಕೆ ತಿಳಿದಿದ್ದನ್ನು ಮಾಡಿದ. ನಮ್ಮ ರಬ್ಬರ್ ಡೈನೋಸಾರ್‌ಗಳು ತಿಳಿದಿರುವುದನ್ನು ಬಿಟ್ಟು ಸಿನಿಮಾವನ್ನು ಅನುಸರಿಸುತ್ತವೆ. ಇವೆರಡೂ ಒಂದೇ ಬಗೆಯ ತಪ್ಪಲ್ಲ.

ಒಳಗಿನ ಮೇಜುಗಳ ವಿಷಯವೇ ಬೇರೆ. ಮರಳು ತುಂಬಿದ ತೊಟ್ಟಿಯಲ್ಲಿ ಬ್ರಷ್ ಹಿಡಿದು ಎಲುಬಿನ ಅಚ್ಚುಗಳನ್ನು ಹುಡುಕುವ ಆಟ ಎಲ್ಲ ಕಡೆಯೂ ಇರುವಂಥದ್ದೇ. ಮೆಗಲೊಡಾನ್ ಎಂಬ ಪ್ರಾಚೀನ ತಾಟೆಯ, ಅಂದರೆ ಶಾರ್ಕ್ ಮೀನಿನ, ಅಂಗೈ ತುಂಬುವ ಹಲ್ಲಿನ ಅಚ್ಚೂ ಇತ್ತು. ತಾಟೆಗೆ ಎಲುಬಿಲ್ಲ, ಇರುವುದು ಮೃದ್ವಸ್ಥಿ. ಹಾಗಾಗಿ ಹಲ್ಲೇ ಹೆಚ್ಚಾಗಿ ಉಳಿಯುತ್ತದೆ ಎಂದು ಸ್ವಯಂಸೇವಕಿ ಹೇಳಿದಾಗ, ಮೀನು ಕತ್ತರಿಸಿ ಅಭ್ಯಾಸವಿದ್ದ ಹೆಂಗಸರು ‘ಹೌದು’ ಎಂದು ತಲೆಯಾಡಿಸಿದರು. ನಾನು ಬಹಳ ಹೊತ್ತು ನಿಂತದ್ದು, ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದ ಮೇಜಿನ ಬಳಿ.

ಅಲ್ಲಿದ್ದದ್ದು ಕಲ್ಲಾದ ಸಗಣಿ. ಪಳೆಯುಳಿಕೆ ಶಾಸ್ತ್ರದಲ್ಲಿ ಕೊಪ್ರೊಲೈಟ್ ಎಂದು ಕರೆಯುವ ಈ ವಸ್ತು ನೋಡಲು ಬೂದು ಬಣ್ಣದ ಉಂಡೆ, ಕೈಯಲ್ಲಿ ಹಿಡಿದರೆ ಅಪ್ಪಟ ಕಲ್ಲು, ವಾಸನೆ ಏನೂ ಇಲ್ಲ. ಆದರೆ ಭಾರತದ ಡೈನೋಸಾರ್ ಅಧ್ಯಯನದಲ್ಲಿ ಇದರಷ್ಟು ದೊಡ್ಡ ಸುದ್ದಿ ಕೊಟ್ಟ ವಸ್ತು ಕಡಿಮೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾ ಎಂಬಲ್ಲಿ ಸಿಗುವ, ಸಸ್ಯಾಹಾರಿ ಡೈನೋಸಾರ್‌ಗಳಾದ ಟೈಟನೋಸಾರ್‌ಗಳದ್ದೆಂದು ನಂಬಲಾದ ಇಂಥ ಉಂಡೆಗಳನ್ನು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಸಂಗಡಿಗರು ಅದರೊಳಗೆ ಹುಲ್ಲಿನ ಸಿಲಿಕಾ ಕಣಗಳನ್ನು ಕಂಡು 2005ರಲ್ಲಿ ಪ್ರಕಟಿಸಿದರು. ಡೈನೋಸಾರ್‌ಗಳು ಅಳಿದ ಮೇಲೆಯೇ ಹುಲ್ಲುಗಳು ಹರಡಿದವು ಎಂಬ ಅಲ್ಲಿಯವರೆಗಿನ ತಿಳಿವಳಿಕೆ ಅದರಿಂದ ತಿದ್ದಲ್ಪಟ್ಟಿತು. ಬಳಿಕ 2011ರಲ್ಲಿ ಅದೇ ಉಂಡೆಗಳಿಂದ ಭತ್ತದ ಬಳಗಕ್ಕೆ ಸೇರಿದ ಹುಲ್ಲಿನ ಗುರುತುಗಳೂ ಸಿಕ್ಕವು. ಗದ್ದೆಗಿಳಿದು ಕಳೆ ಕೀಳುವಾಗ ಭತ್ತದ ಎಲೆಯ ಅಂಚು ಬೆರಳಿಗೆ ಗೀರುತ್ತದಲ್ಲ, ಅದು ಎಲೆಯೊಳಗೆ ಕುಳಿತ ಸಿಲಿಕಾದ ಕೆಲಸ. ಸಸ್ಯದ ಉಳಿದ ಭಾಗವೆಲ್ಲ ಪ್ರಾಣಿಯ ಹೊಟ್ಟೆಯಲ್ಲಿ ಜೀರ್ಣವಾಗಿ, ಮಣ್ಣಿನಲ್ಲಿ ಕೊಳೆತು ಹೋದರೂ ಆ ಗಾಜಿನ ಕಣ ಕೆಡುವುದಿಲ್ಲ. ಆರೂವರೆ ಕೋಟಿ ವರ್ಷಕ್ಕೂ ಹಿಂದಿನ ಪ್ರಾಣಿಯೊಂದು ಏನು ತಿಂದಿತ್ತೆಂದು ಹೇಳಲು ಸಾಧ್ಯವಾದದ್ದು ಹೀಗೆ. ಸೂಕ್ಷ್ಮದರ್ಶಕದಲ್ಲಿ ಒಂದು ಗಾಜುಫಲಕವನ್ನೂ ಇಟ್ಟಿದ್ದರು. ಅದರಲ್ಲಿ ಡಂಬೆಲ್ ಆಕಾರದ, ಪಾರದರ್ಶಕವಾದ ಕಣಗಳು ಕಾಣುತ್ತಿದ್ದವು. ಹೊರಗಿನ ರಬ್ಬರ್ ಮೃಗದ ಮುಂದೆ ಸಾಲು ನಿಂತವರಲ್ಲಿ ಹತ್ತರಲ್ಲಿ ಒಬ್ಬರೂ ಇಲ್ಲಿ ಬಗ್ಗಿ ನೋಡುತ್ತಿರಲಿಲ್ಲ ಎನ್ನುವುದು ಬೇಸರದ ಮಾತು.

ಕಾಲವನ್ನು ತೋರಿಸುವುದಕ್ಕೆ ನೆಲದ ಮೇಲೆ ಉದ್ದನೆಯ ಬಣ್ಣದ ಪಟ್ಟಿ ಹಾಸಿದ್ದರು. ಮಕ್ಕಳು ಅದರ ಮೇಲೆ ಓಡಿ ಮುಗಿಸಿದರು, ಅಷ್ಟೇ. ಹಿಂತಿರುಗುವಾಗ ಬಸ್ಸಿನಲ್ಲಿ ಅವರಿಗೆ ಅದನ್ನೇ ಬೇರೆ ರೀತಿ ಹೇಳಿದೆ. ಮಂಗಳೂರಿನಿಂದ ಉಡುಪಿಗೆ ಸುಮಾರು 60 ಕಿ.ಮೀ. ಎಂದು ಹಿಡಿದು, ಭೂಮಿಯ 460 ಕೋಟಿ ವರ್ಷಗಳನ್ನು ಆ ದಾರಿಯುದ್ದಕ್ಕೆ ಹಾಸಿದರೆ, ಒಂದು ಕಿಲೋಮೀಟರಿಗೆ ಏಳೂಮುಕ್ಕಾಲು ಕೋಟಿ ವರ್ಷಗಳಷ್ಟು ಬರುತ್ತದೆ. ಸೂಕ್ಷ್ಮಜೀವಿಗಳ ಗುರುತು ಸುರತ್ಕಲ್ ತಲುಪುವ ಮೊದಲೇ, ಬೈಕಂಪಾಡಿಯ ಆಸುಪಾಸಿನಲ್ಲಿ ಸಿಗುತ್ತದೆ. ಅಲ್ಲಿಂದ ಮುಂದೆ ಹಳೆಯಂಗಡಿ, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿದರೂ ಕಣ್ಣಿಗೆ ಬೀಳುವಂಥ ಪ್ರಾಣಿ ಇಲ್ಲ, ಎಲ್ಲ ಕಡೆ ಪಾಚಿಯೇ. ಚಿಪ್ಪು, ಕಾಲು, ಕಣ್ಣು ಇರುವ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಳ್ಳುವುದು ಕಟಪಾಡಿ ಕಳೆದ ಮೇಲೆ. ಡೈನೋಸಾರ್‌ಗಳು ಉಡುಪಿಗೆ ಮೂರು ಕಿಲೋಮೀಟರ್ ಇರುವಾಗ ಹತ್ತಿ, ಒಂದು ಕಿಲೋಮೀಟರ್ ಕೂಡ ಉಳಿದಿರದಲ್ಲಿ ಇಳಿದುಹೋಗುತ್ತವೆ. ಮನುಷ್ಯನ ಮೂರು ಲಕ್ಷ ವರ್ಷಗಳಿಗೆ ಸಿಗುವುದು ನಾಲ್ಕು ಮೀಟರ್, ಬಸ್ಸಿನ ಅರ್ಧ ಉದ್ದವೂ ಇಲ್ಲ. ಕಂಡಕ್ಟರ್ ‘ಉಡುಪಿ, ಉಡುಪಿ’ ಎಂದು ಕೂಗಿದಾಗ ಸಣ್ಣವನು ಕಿಟಕಿಯಿಂದ ಹೊರಗೆ ನೋಡಿ, ‘ಈಗ ನಾವು ಹುಟ್ಟಿದೆವಾ?’ ಎಂದ.

ಇನ್ನು ಅಮೊನೈಟ್‌ಗಳ ಮೇಜು. ಎಂದೋ ಅಳಿದುಹೋದ ಕಡಲಜೀವಿಗಳ ಚಿಪ್ಪಿನ ಪಳೆಯುಳಿಕೆಗಳವು: ಸುರುಳಿ ಸುತ್ತಿದ, ಅಂಚಿನಲ್ಲಿ ಏಣುಗಳಿರುವ ಕಪ್ಪು ಕಲ್ಲುಗಳು, ಕೆಲವು ಸರಿಯಾಗಿ ಎರಡು ಹೋಳಾಗಿ ಸೀಳಿ ಹೊಳಪು ಕೊಟ್ಟವು. ಉಡುಪಿ ಕಡೆಯ ಹಿರಿಯ ಹೆಂಗಸೊಬ್ಬರು ಅದರಲ್ಲೊಂದನ್ನು ಎತ್ತಿಕೊಂಡವರು, ಕೂಡಲೇ ಚಪ್ಪಲಿ ಕಳಚಿ ಬದಿಗೆ ಸರಿಸಿ, ಕಲ್ಲನ್ನು ಕಣ್ಣಿಗೊತ್ತಿಕೊಂಡು, ‘ಇದು ಸಾಲಿಗ್ರಾಮ ಅಲ್ಲವಾ ಮಗಾ?’ ಎಂದು ಕೇಳಿದರು. ಮೇಜಿನ ಹಿಂದಿದ್ದ ಹುಡುಗ, ಪಾಪ, ಕಲಿಸಿಕೊಟ್ಟದ್ದನ್ನು ಹೇಳಿದ: ‘ಅಲ್ಲ ಅಮ್ಮಾ, ಇದು ಅಮೊನೈಟ್.’ ಅವರು ಮರುಮಾತಾಡದೆ ಕಲ್ಲನ್ನು ಜೋಪಾನವಾಗಿ ಇಟ್ಟು ಮುಂದೆ ಹೋದರು. ಇಡೀ ಪ್ರದರ್ಶನದಲ್ಲಿ ಅತ್ಯಂತ ಸರಿಯಾದ ಪ್ರಶ್ನೆ ಅದಾಗಿತ್ತು, ಅದಕ್ಕೆ ಸಿಕ್ಕ ಉತ್ತರ ಅರ್ಧ ಮಾತ್ರ.

ನೇಪಾಳದ ಗಂಡಕಿ ನದಿಯ ಮೇಲ್ಭಾಗದಲ್ಲಿ, ಮುಕ್ತಿನಾಥದ ಸುತ್ತಿನ ಎತ್ತರದ ಪ್ರದೇಶದಿಂದ ಬರುವ ಸಾಲಿಗ್ರಾಮಗಳಲ್ಲಿ ಚಕ್ರವುಳ್ಳವು ಅಮೊನೈಟ್‌ಗಳ ಪಳೆಯುಳಿಕೆಗಳೇ. ಭಾರತದ ಭೂಫಲಕಕ್ಕೂ ಏಷ್ಯಾಕ್ಕೂ ನಡುವೆ ಇದ್ದ ಟೆಥಿಸ್ ಸಾಗರದ ತಳದ ಕೆಸರಿನಲ್ಲಿ, ಸುಮಾರು 15 ಕೋಟಿ ವರ್ಷಗಳ ಹಿಂದೆ, ಜುರಾಸಿಕ್ ಯುಗದ ಕೊನೆಯ ಭಾಗದಲ್ಲಿ, ಸತ್ತು ಬಿದ್ದ ಈ ಪ್ರಾಣಿಗಳ ಚಿಪ್ಪಿನ ಸುತ್ತ ಕೆಸರು ಗಟ್ಟಿಯಾಗಿ ಗುಂಡುಗಳಾದವು. ಮುಂದೆ ಎರಡು ಭೂಖಂಡಗಳು ಡಿಕ್ಕಿಯಾಗಿ ಆ ಕಡಲತಳವೇ ಮೇಲೆದ್ದು ಹಿಮಾಲಯದ ಭಾಗವಾದ್ದರಿಂದ, ಸಮುದ್ರದ ಜೀವಿ ಇಂದು 3700 ಮೀಟರ್ ಎತ್ತರದ ಮುಕ್ತಿನಾಥದ ನೆರೆಯಲ್ಲಿ ಸಿಗುತ್ತದೆ. ಹೊಳೆ ಅದನ್ನು ಬಂಡೆಯಿಂದ ಬಿಡಿಸಿ, ಉರುಳಿಸಿ, ನಯಮಾಡುತ್ತದೆ. ಒಳಗೆ ಕಾಣುವ ಚಿನ್ನದ ಬಣ್ಣದ ರೇಖೆ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ. ಚಿಪ್ಪಿನ ಒಳಗೆ ಗೋಡೆ ಕಟ್ಟಿದ ಕೋಣೆಗಳ ಸಾಲು ಇರುತ್ತದೆ. ಪ್ರಾಣಿ ವಾಸಿಸುತ್ತಿದ್ದುದು ಬಾಯಿಯ ಬಳಿಯ ಕೊನೆಯ ಕೋಣೆಯಲ್ಲಿ, ಹಿಂದಿನ ಕೋಣೆಗಳಲ್ಲಿ ಅನಿಲ ತುಂಬಿಸಿಕೊಂಡು ಅದು ತೇಲುವ ಆಳವನ್ನು ಸರಿಹೊಂದಿಸಿಕೊಳ್ಳುತ್ತಿತ್ತು. ಬಳಗದ ಲೆಕ್ಕದಲ್ಲಿ ಅದು ಮಲ್ಪೆಯ ಬಂದರಿನಲ್ಲಿ ಬುಟ್ಟಿಗಟ್ಟಲೆ ಇಳಿಯುವ ಸ್ಕ್ವಿಡ್, ಅಂದರೆ ನಮ್ಮ ಬೊಂಡಾಸ್‌ನ ನೆಂಟ. ಈ ಮಾತನ್ನು ನಮ್ಮ ಮನೆಯ ದೇವರ ಕೋಣೆಯ ಎದುರು ಆಡುವ ಧೈರ್ಯ ನನಗಿನ್ನೂ ಬಂದಿಲ್ಲ.

ಉಡುಪಿಯ ಮಠಗಳಲ್ಲಿ ಮಾತ್ರವಲ್ಲ, ಎಷ್ಟೋ ಮಾಧ್ವರ ಮನೆಗಳ ಸಂಪುಟಗಳಲ್ಲಿ ತಲೆಮಾರುಗಳಿಂದ ಈ ಕಲ್ಲುಗಳಿಗೆ ದಿನವೂ ಅಭಿಷೇಕ ನಡೆಯುತ್ತದೆ. ಚಕ್ರ, ವದನ, ರೇಖೆಗಳನ್ನು ನೋಡಿ ಇದು ಸುದರ್ಶನ, ಇದು ಲಕ್ಷ್ಮೀನರಸಿಂಹ ಎಂದು ವಿಂಗಡಿಸುವ ಲಕ್ಷಣಶಾಸ್ತ್ರವೂ ಇದೆ. ಸುರುಳಿಯ ಬಿಗುವು, ಏಣುಗಳ ಅಂತರ, ಬಾಯಿಯ ಆಕಾರ, ಇವನ್ನೇ ನೋಡಿ ಪಳೆಯುಳಿಕೆ ಶಾಸ್ತ್ರಜ್ಞರೂ ಅಮೊನೈಟ್ ಜಾತಿಗಳನ್ನು ಬೇರ್ಪಡಿಸುತ್ತಾರೆ. ಉದ್ದೇಶ ಬೇರೆಯಾದರೂ ಇಬ್ಬರೂ ಒಂದೇ ಕಲ್ಲನ್ನು ಅಷ್ಟೇ ಎಚ್ಚರದಿಂದ ನೋಡಿದ್ದಾರೆ. ಇಂಥ ಸಂಗತಿ ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ: ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಹಳ್ಳಿಗರು ಕುಲದೈವವೆಂದು ಪೂಜಿಸುತ್ತಿದ್ದ ಗುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಯ ಪಳೆಯುಳಿಕೆಗಳೆಂದು ತಜ್ಞರು ಗುರುತಿಸಿದ ಸುದ್ದಿ 2023ರ ಕೊನೆಯಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಗುಜರಾತಿನ ಕಛ್‌ನ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ದೈತ್ಯ ಹಾವಿಗೆ 2024ರಲ್ಲಿ ವಾಸುಕಿ ಇಂಡಿಕಸ್ ಎಂದು ಹೆಸರಿಟ್ಟರು; 11ರಿಂದ 15 ಮೀಟರ್ ಉದ್ದವಿದ್ದಿರಬಹುದಾದ, ಸುಮಾರು 4.7 ಕೋಟಿ ವರ್ಷ ಹಿಂದಿನ ಹಾವು ಅದು. ಕುಕ್ಕೆಯ ವಾಸುಕಿಗೆ ಹರಕೆ ಹೊರುವ ಜಿಲ್ಲೆಯಲ್ಲಿ ಆ ಹಾವಿನ ಒಂದು ಚಿತ್ರ ಕೂಡ ಪ್ರದರ್ಶನದಲ್ಲಿ ಇರಲಿಲ್ಲ.

ಹೈಸ್ಕೂಲಿನ ಹುಡುಗರ ಗುಂಪೊಂದು ಮರಳಿನ ತೊಟ್ಟಿಯ ಬಳಿ, ‘ನಮ್ಮಲ್ಲಿ ಅಗೆದರೆ ಸಿಗುತ್ತದಾ?’ ಎಂದು ಕೇಳಿತು. ‘ಇಲ್ಲ, ಇಲ್ಲಿ ಡೈನೋಸಾರ್ ಇರಲಿಲ್ಲ’ ಎಂಬ ಉತ್ತರ ಬಂತು. ಇದ್ದಿರಲಿಲ್ಲ ಎನ್ನುವುದಕ್ಕೆ ಯಾರ ಬಳಿಯೂ ಆಧಾರವಿಲ್ಲ. ಸಿಗುವುದಿಲ್ಲ ಎನ್ನುವುದು ನಿಜ, ಆದರೆ ಅದರ ಕಾರಣ ಬೇರೆ.

ಪಳೆಯುಳಿಕೆ ಆಗಬೇಕಾದರೆ ಸತ್ತ ಪ್ರಾಣಿಯ ಮೇಲೆ ಬೇಗನೆ ಮಣ್ಣೋ ಮರಳೋ ಕೆಸರೋ ಮುಚ್ಚಿಕೊಳ್ಳಬೇಕು, ಆ ಕೆಸರು ಪದರುಶಿಲೆಯಾಗಿ ಗಟ್ಟಿಯಾಗಬೇಕು, ಮತ್ತು ಆ ಶಿಲೆ ಕೋಟ್ಯಂತರ ವರ್ಷ ಬೇಯದೆ, ಕರಗದೆ, ಕೊಚ್ಚಿಹೋಗದೆ ಉಳಿಯಬೇಕು. ದಕ್ಷಿಣ ಕನ್ನಡ, ಉಡುಪಿಗಳ ಅಡಿಯಲ್ಲಿರುವ ಪಾದೆ ಬಹುಪಾಲು ನೈಸ್ ಎಂಬ ಕಲ್ಲು ಮತ್ತು ಗ್ರಾನೈಟ್. ಭೂಮಿಯ ಆಳದಲ್ಲಿ ಬೆಂದು ರೂಪುಗೊಂಡ, 250 ಕೋಟಿ ವರ್ಷಕ್ಕಿಂತ ಹಳೆಯದಾದ ಶಿಲೆ ಅದು. 1432ರಲ್ಲಿ ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದರಲ್ಲ, ಆ ಕಲ್ಲು ಹುಟ್ಟುವಾಗ ಎಲುಬುಳ್ಳ ಪ್ರಾಣಿ ಎಂಬುದೇ ಜಗತ್ತಿನಲ್ಲಿರಲಿಲ್ಲ. ಡೈನೋಸಾರ್‌ಗಳ ಕಾಲದ ಪದರುಶಿಲೆ ಅದರ ಮೇಲೆ ಉಳಿದಿಲ್ಲ.

ಮೇಲಿರುವುದು ಮುರಕಲ್ಲು. ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಸುರಿಯುವ ಮಳೆ ಮತ್ತು ಬಿಸಿಲು ಸೇರಿ, ಲಕ್ಷಾಂತರ ವರ್ಷಗಳಲ್ಲಿ ಅಡಿಗಲ್ಲಿನ ಸಿಲಿಕಾ, ಸುಣ್ಣ, ಪೊಟ್ಯಾಶ್‌ಗಳನ್ನು ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂನ ಆಕ್ಸೈಡ್‌ಗಳನ್ನು ಮಾತ್ರ ಉಳಿಸಿದ ಗಟ್ಟಿ ಕೆಂಪು ಪದರ. ಕೋರೆಯಲ್ಲಿ ತಾಜಾ ಇರುವಾಗ ಕೊಡಲಿಯಲ್ಲಿ ಕಡಿಯಬಹುದು, ಗಾಳಿಗೆ ಬಿಟ್ಟರೆ ಬಿಗಿಯುತ್ತದೆ. ಇದನ್ನು ನೋಡಿ ಬರೆದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲೇ, ಕೇರಳದ ಅಂಗಡಿಪುರಂನ ಕಲ್ಲನ್ನು ಕುರಿತು, ಲ್ಯಾಟರೈಟ್ ಎಂಬ ಹೆಸರು ಮೊದಲು ಕಾಣಿಸಿಕೊಂಡದ್ದು. ಎಲುಬು ಮತ್ತು ಚಿಪ್ಪಿನಲ್ಲಿರುವುದು ಕ್ಯಾಲ್ಸಿಯಂ. ನಮ್ಮ ಹುಳಿ ಮಣ್ಣು ಮೊದಲು ಕರಗಿಸುವುದೇ ಅದನ್ನು. ಹಾಗಾಗಿ ಇಲ್ಲಿ ಯಾವ ಪ್ರಾಣಿ ಓಡಾಡಿದ್ದರೂ ಅದರ ಗುರುತು ಉಳಿಯುವ ಸಂಭವವೇ ಕಡಿಮೆ. ಒಂದು ಮುರಕಲ್ಲನ್ನು ಮೇಜಿನ ಮೇಲೆ ಇಟ್ಟು ಇದನ್ನು ಹೇಳಿದ್ದರೆ, ಆ ಹುಡುಗರಿಗೆ ಪಳೆಯುಳಿಕೆ ಎಷ್ಟು ಅಪರೂಪದ ಘಟನೆ ಎಂಬುದು ಮರಳಿನ ತೊಟ್ಟಿಗಿಂತ ಚೆನ್ನಾಗಿ ತಿಳಿಯುತ್ತಿತ್ತು.

ಡೈನೋಸಾರ್ ಕಾಲದ ಕಲ್ಲೇ ನಮ್ಮಲ್ಲಿಲ್ಲವೇ ಎಂದರೆ, ಇದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನಾವು ಸೆಲ್ಫಿ ತೆಗೆದುಕೊಂಡು ಬರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು 8.5ರಿಂದ 8.8 ಕೋಟಿ ವರ್ಷ ಹಿಂದಿನವು. ಅವನ್ನು ಬಸಾಲ್ಟ್ ಎಂದು ಕರೆಯುವ ರೂಢಿಯಿದ್ದರೂ, ಅದು ಸಿಲಿಕಾ ಹೆಚ್ಚಿರುವ ರಯೊಲೈಟ್ ಬಗೆಯ ಲಾವಾ. ತಣ್ಣಗಾಗುತ್ತ ಕುಗ್ಗುವಾಗ ಐದು, ಆರು, ಏಳು ಮುಖಗಳ ಕಂಬಗಳಾಗಿ ಸೀಳಿಕೊಂಡಿದೆ. ಲಾವಾದಲ್ಲಿ ಎಲುಬು ಉಳಿಯುವುದಿಲ್ಲ. ಆದರೆ ಅಲ್ಲಿಯವರೆಗೆ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಟ್ಟು ದೂರ ಸರಿದದ್ದು ಇದೇ ಹೊತ್ತಿನಲ್ಲಿ, ಮತ್ತು ಈ ಲಾವಾ ಆ ಬಿರುಕಿನ ಕಾಲದ್ದೆಂದೇ ಭೂವಿಜ್ಞಾನಿಗಳು ಓದುತ್ತಾರೆ.

ಆ ಬೇರ್ಪಡಿಕೆಯ ಕತೆಯ ಮುಂದಿನ ಭಾಗ ಪ್ರದರ್ಶನದ ಒಂದು ಮೂಲೆಯಲ್ಲೇ ಇತ್ತು, ಆದರೆ ಯಾರೂ ಜೋಡಿಸಿರಲಿಲ್ಲ. ಗುಜರಾತಿನ ಬಾಲಾಸಿನೋರ್ ಹತ್ತಿರದ ರಹಿಯೋಲಿಯಲ್ಲಿ ಸಿಕ್ಕು, 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂದು ಹೆಸರು ಪಡೆದ, ಹಣೆಯ ಮೇಲೆ ಗಿಡ್ಡ ಕೊಂಬಿನ ಮಾಂಸಾಹಾರಿ ಡೈನೋಸಾರ್‌ನ ತಲೆಬುರುಡೆಯ ಅಚ್ಚು ಅಲ್ಲಿತ್ತು. ಅದರ ಹತ್ತಿರದ ನೆಂಟ ಮಜುಂಗಾಸಾರಸ್ ಸಿಗುವುದು ಮಡಗಾಸ್ಕರ್‌ನಲ್ಲಿ. ಒಂದೇ ನೆಲದಲ್ಲಿದ್ದ ಪೂರ್ವಜರ ಸಂತತಿ ನಡುವೆ ಕಡಲು ಬಂದು ಎರಡು ಕಡೆಯಾಗಿ, ಎರಡೂ 6.6 ಕೋಟಿ ವರ್ಷಗಳ ಹಿಂದಿನ ಮಹಾನಾಶದ ಹೊತ್ತಿಗೆ ಕೊನೆಗೊಂಡವು. ಅವೆರಡನ್ನು ಬೇರೆ ಮಾಡಿದ ಬಿರುಕಿನ ಸಾಕ್ಷಿ ಮಲ್ಪೆಯ ಎದುರಿಗೇ ಇರುವಾಗ, ಅಮೆರಿಕದ ರೆಕ್ಸ್‌ಗೆ ಬಾಗಿಲಲ್ಲಿ ಜಾಗ ಕೊಟ್ಟು, ರಾಜಾಸಾರಸ್ಸನ್ನು ಶೌಚಾಲಯದ ದಾರಿಯಲ್ಲಿ ಇಟ್ಟದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಘಟ್ಟ ಹತ್ತಿದರೆ ಇನ್ನೂ ಹಳೆಯದು ಸಿಗುತ್ತದೆ. ಚಿತ್ರದುರ್ಗ ಮತ್ತು ಸಂಡೂರಿನ ಕಡೆಯ ಶಿಲಾಪಟ್ಟಿಗಳಲ್ಲಿ 260 ಕೋಟಿ ವರ್ಷಕ್ಕೂ ಹಿಂದಿನ ಸ್ಟ್ರೊಮಟೊಲೈಟ್‌ಗಳಿವೆ. ಬಾಗಲಕೋಟೆ ಜಿಲ್ಲೆಯ ಕಲಾದಗಿ ಸೀಮೆಯ ಡಾಲಮೈಟ್ ಕಲ್ಲಿನಲ್ಲಿ ಅವುಗಳಿಗಿಂತ ಈಚಿನವು ಇವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆ ಪದರ ಕೆಸರನ್ನು ಹಿಡಿದಿಟ್ಟು, ಅದರ ಮೇಲೆ ಮತ್ತೊಂದು ಪದರ ಬೆಳೆದು, ಹೀಗೆ ಕಲ್ಲಾದ ಗುಮ್ಮಟಗಳವು. ಅವುಗಳ ಅಡ್ಡಸೀಳಿನಲ್ಲಿ ಬಾಗಿದ ಗೆರೆಗಳ ಸಾಲನ್ನು ಬರಿಗಣ್ಣಿನಿಂದ ಎಣಿಸಬಹುದು. ಕರ್ನಾಟಕದ ಮಟ್ಟಿಗೆ ಇತಿಹಾಸಪೂರ್ವ ಜೀವನ ಎಂದರೆ ಮೊದಲು ತೋರಿಸಬೇಕಾದ್ದು ಇದು.

ಸಂದರ್ಶಕರ ಪುಸ್ತಕದಲ್ಲಿ ಇವನ್ನೆಲ್ಲ ಚಿಕ್ಕದಾಗಿ ಬರೆದೆ. ಬಾಗಿಲಲ್ಲಿದ್ದವರು ಓದಿ ನೋಡಿ, ಫಲಕಗಳು ಎಲ್ಲ ಊರಿಗೂ ಒಂದೇ, ಒಂದು ಕಡೆ ಅಚ್ಚಾಗಿ ಬರುತ್ತವೆ ಎಂದು ಸೌಜನ್ಯದಿಂದಲೇ ಹೇಳಿದರು. ಸಂಚಾರಿ ಪ್ರದರ್ಶನಕ್ಕೆ ಅದು ಸಹಜ. ಆದರೆ ನಮ್ಮಲ್ಲೇ ನೆಲೆಯಾಗಿರುವ ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ, ಪಕ್ಕದಲ್ಲೇ ಸ್ವಾಮಿ ವಿವೇಕಾನಂದ ತಾರಾಲಯವಿದೆ, ಶಾಲಾಮಕ್ಕಳು ಹೇಗೂ ಅಲ್ಲಿಗೆ ಬರುತ್ತಾರೆ. ಕಾರ್ಕಳದ ಒಂದು ಗ್ರಾನೈಟ್ ತುಂಡು, ಒಂದು ಮುರಕಲ್ಲು, ಸೀಳಿ ಹೊಳಪು ಕೊಟ್ಟ ಒಂದು ಅಮೊನೈಟ್ ಮತ್ತು ಅದರ ಪಕ್ಕದಲ್ಲಿ ಯಾರಾದರೂ ದಾನವಾಗಿ ಕೊಟ್ಟ ಸಾಲಿಗ್ರಾಮ, ಕಲಾದಗಿಯ ಸ್ಟ್ರೊಮಟೊಲೈಟ್‌ನ ಒಂದು ಹಲಗೆ, ಇಷ್ಟನ್ನು ಮಕ್ಕಳು ಮುಟ್ಟುವಂತೆ ಒಂದು ಮೇಜಿನ ಮೇಲೆ ಇಡುವುದಕ್ಕೆ ಘರ್ಜಿಸುವ ಒಂದು ರಬ್ಬರ್ ಮೃಗಕ್ಕೆ ತಗಲುವಷ್ಟು ಖರ್ಚು ತಗಲದು. ಸೇಂಟ್ ಮೇರೀಸ್‌ನಿಂದ ಮಾತ್ರ ಕಲ್ಲು ತರುವಂತಿಲ್ಲ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೋಡಬೇಕೆಂದರೆ ಮಲ್ಪೆಯಿಂದ ದೋಣಿ ಹತ್ತಿ ಅಲ್ಲಿಗೇ ಹೋಗಬೇಕು, ಅದೂ ಮಳೆಗಾಲ ಕಳೆದ ಮೇಲೆ.